ತೆಂಗಿನ ನಾರು: ಗ್ರಾಮದ ತ್ಯಾಜ್ಯದಿಂದ ಭೂವಸ್ತ್ರ ಹಾಗೂ ಹಲಗೆಯವರೆಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯದ ಸುತ್ತಲಿನ ಗ್ರಾಮಗಳಲ್ಲಿ ರಸ್ತೆಬದಿಯ ಎಳನೀರಿನ ಬುರುಡೆಗಳ ರಾಶಿ ನಮಗೆಲ್ಲ ಪರಿಚಿತ. ಅದರಲ್ಲಿ ಮಳೆನೀರು ನಿಂತರೆ ಸೊಳ್ಳೆಗಳು ಹುಟ್ಟುತ್ತವೆ. ಬೆಂಕಿ ಹಚ್ಚಿದರೆ ದಟ್ಟ ಹೊಗೆ. ಸಾಗಿಸಿದರೆ ವಾಹನದ ಬಾಡಿಗೆ ಪಂಚಾಯಿತಿಯ ಮೇಲೆ. ಇದೇ ರಾಶಿಯೊಳಗೆ ಬೆಲೆಯುಳ್ಳ ಸಸ್ಯನಾರು ಅಡಗಿದೆ. ಆದರೆ ಯಂತ್ರ ಖರೀದಿಗೆ ಠರಾವು ಮಾಡುವ ಮುನ್ನ ಆ ನಾರಿನ ಗುಣ ಮತ್ತು ಮಿತಿ ಎರಡನ್ನೂ ಅರಿಯುವುದು ಅಗತ್ಯ.

ನಾರಿನ ಗುಣ

ತೆಂಗಿನ ನಾರಿನಲ್ಲಿ ಶೇ. 40ಕ್ಕೂ ಹೆಚ್ಚು ಲಿಗ್ನಿನ್ ಇರುತ್ತದೆ. ಮರಕ್ಕೆ ಗಡಸುತನ ಕೊಡುವ ಪದಾರ್ಥವೇ ಇದು. ಆದುದರಿಂದ ಈ ನಾರು ಉಡುವ ಬಟ್ಟೆಗೆ ಒರಟಾದರೂ ನೀರು, ಮಣ್ಣುಗಳಲ್ಲಿ ಸೆಣಬಿಗಿಂತ ನಿಧಾನವಾಗಿ ಕೊಳೆಯುತ್ತದೆ. ಇದರ ಜಾಲರಿಯನ್ನು ಕೆರೆ ಏರಿ ಅಥವಾ ಕಾಲುವೆಯ ಇಳಿಜಾರಿಗೆ ಹಾಸಿದರೆ, ಹುಲ್ಲು ಬೇರೂರುವ ತನಕ ಮಣ್ಣನ್ನು ಹಿಡಿದಿಟ್ಟು, ಬಳಿಕ ತಾನೇ ಮಣ್ಣಾಗುತ್ತದೆ. ಇದನ್ನೇ ಭೂವಸ್ತ್ರ ಎನ್ನುತ್ತಾರೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಇದರ ಬಳಕೆಗೆ ಕೇಂದ್ರ ಸರ್ಕಾರ 2020ರಲ್ಲಿ ಅನುಮತಿ ನೀಡಿತು. ನೆರೆಯ ಕೇರಳದಲ್ಲಿ ಪಂಚಾಯಿತಿಗಳು ಉದ್ಯೋಗ ಖಾತರಿ ಕಾಮಗಾರಿಗಳಲ್ಲಿಯೂ ಇದನ್ನು ಬಳಸಿವೆ.

ನಾರಿಗೆ ಅಂಟುಪದಾರ್ಥ ಬೆರೆಸಿ ಬಿಸಿಯಲ್ಲಿ ಒತ್ತಿದರೆ ಗಟ್ಟಿ ಹಲಗೆಯಾಗುತ್ತದೆ. ರಬ್ಬರ್ ಹಾಲು ಬೆರೆಸಿದರೆ ಹಾಸಿಗೆ ಹಾಗೂ ಆಸನಗಳ ಮೆತ್ತೆಯಾಗುತ್ತದೆ. ಹೀಗೆ ಎರಡು ಪದಾರ್ಥ ಸೇರಿ ಆದ ವಸ್ತುವೇ ಸಂಯುಕ್ತ ವಸ್ತು. ನಾರು ತೇವ ಹೀರುವುದರಿಂದ ಚೆನ್ನಾಗಿ ಒಣಗಿಸದಿದ್ದರೆ ಅಂಟು ಹಿಡಿಯದು. ಕೃತಕ ಅಂಟು ಸೇರಿದ ಹಲಗೆ ಪೂರ್ತಿಯಾಗಿ ಮಣ್ಣಾಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಪುಡಿಯ ಲೆಕ್ಕ

ಬಲಿತ ಕಾಯಿಯ 1000 ಸಿಪ್ಪೆಗಳಿಂದ ಸುಮಾರು 80 ಕಿ.ಗ್ರಾಂ ನಾರು ದೊರೆತರೆ, ಅದರ ಎರಡರಷ್ಟು ಪುಡಿ ಉಳಿಯುತ್ತದೆ. ಪುಡಿಗೆ ಸ್ಥಳ ಗೊತ್ತುಮಾಡದೆ ಘಟಕ ತೆರೆದರೆ ಒಂದು ತ್ಯಾಜ್ಯದ ಜಾಗಕ್ಕೆ ಇನ್ನೊಂದು ತ್ಯಾಜ್ಯ ಬಂದಂತೆಯೇ ಸರಿ. ಪುಡಿಯು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುವುದರಿಂದ ಸಸಿಮಡಿ, ಕುಂಡಗಳಿಗೆ ಉಪಯುಕ್ತ. ಆದರೆ ಅದರ ಲವಣಾಂಶವನ್ನು ಮೊದಲು ತೊಳೆದು ತೆಗೆಯಬೇಕು. ತೊಳೆದ ನೀರು ಕೆರೆ ಸೇರಬಾರದು. ಎಳನೀರಿನ ಬುರುಡೆಯಲ್ಲಿ ತೇವಾಂಶ ಬಹಳ. ಅದನ್ನು ಮೊದಲು ಜಜ್ಜಿ ಹಿಂಡಬೇಕಾಗುವುದರಿಂದ ಒಣ ಸಿಪ್ಪೆಯೊಡನೆ ಬೆರೆಸದೆ ಪ್ರತ್ಯೇಕವಾಗಿ ಸಂಗ್ರಹಿಸಬೇಕು.

ನೆರವು ಎಲ್ಲಿ?

ಕಾಯರ್ ಮಂಡಳಿಯ ಕೇಂದ್ರೀಯ ತೆಂಗಿನ ನಾರು ತಂತ್ರಜ್ಞಾನ ಸಂಸ್ಥೆಯು ನಮ್ಮ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿಯೇ ಇದೆ. ನಾರಿನ ಯಂತ್ರಗಳು ಹಾಗೂ ಮರಕ್ಕೆ ಬದಲಿಯಾದ ಹಲಗೆಗಳು ಅದರ ಸಂಶೋಧನಾ ಕ್ಷೇತ್ರ. ಮಹಿಳೆಯರಿಗೆ ನೂಲುವ ತರಬೇತಿ ನೀಡಲು ಮಂಡಳಿಯ ಮಹಿಳಾ ಕಾಯರ್ ಯೋಜನೆ ಇದೆ; ಸಂಜೀವಿನಿ ಸ್ವಸಹಾಯ ಗುಂಪುಗಳ ಸದಸ್ಯೆಯರಿಗೆ ಈ ಮಾಹಿತಿ ತಲುಪಿಸಬಹುದು. ಸದಸ್ಯರು ದರಪಟ್ಟಿ ಕರೆಯುವ ಮೊದಲು ಸಂಸ್ಥೆಗೆ ಭೇಟಿ ನೀಡಿ ಯಂತ್ರ ನಡೆಯುವುದನ್ನು ಕಣ್ಣಾರೆ ನೋಡುವುದು ಲೇಸು.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ವ್ಯಾಪ್ತಿಯಲ್ಲಿ ದಿನಕ್ಕೆ ಎಷ್ಟು ಬುರುಡೆ, ಎಷ್ಟು ಒಣ ಸಿಪ್ಪೆ ದೊರೆಯುತ್ತದೆ? ಒಂದು ವಾರ ಎಣಿಸಿ ನೋಡಲಾಗಿದೆಯೇ?
2. ನಮ್ಮೊಂದರ ಪ್ರಮಾಣ ಸಾಲದಿದ್ದರೆ ನೆರೆಯ ಪಂಚಾಯಿತಿಗಳು ಕೈಜೋಡಿಸುವವೇ?
3. ನಾರು ಮತ್ತು ಪುಡಿ ಎರಡಕ್ಕೂ ಖರೀದಿದಾರರು ಗೊತ್ತಾಗಿದ್ದಾರೆಯೇ?
4. ವಿದ್ಯುತ್, ಒಣಗಿಸುವ ಕಣ ಹಾಗೂ ತೊಳೆದ ನೀರಿನ ವಿಲೇವಾರಿಗೆ ಏನು ವ್ಯವಸ್ಥೆ?
5. ನಮ್ಮದೇ ಕೆರೆ ಏರಿಯ ಕಾಮಗಾರಿಗೆ ಭೂವಸ್ತ್ರ ಬಳಸಬಹುದೇ?

ಮೊದಲ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆತ ಮೇಲೆಯೇ ಯಂತ್ರದ ಮಾತು. ಅಲ್ಲಿಯವರೆಗೆ ಬುರುಡೆಯನ್ನು ಬೇರ್ಪಡಿಸಿ ಸಂಗ್ರಹಿಸುವುದೇ ಮೊದಲ ಹೆಜ್ಜೆ. ಅದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ.