ಒಲೆ ಆರಿಸದೆ ತೊಲೆ ಬದಲಿಸುವುದು
ಜಾಲತಾಣವನ್ನು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಸಾಗಿಸುವ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಮಣ್ಣು. ಎರಡು ತೊಲೆಗಳ ನಡುವಣ ಅವಕಾಶಕ್ಕೆ ಅಂಕಣವೆಂದು ಹೆಸರು. ಮನೆಯ ಅಳತೆಯನ್ನು ಹಿರಿಯರು ಹೇಳುವುದೂ ಅಂಕಣಗಳ ಲೆಕ್ಕದಲ್ಲಿಯೇ. ತೊಲೆಗೆ ಗೆದ್ದಲು ಹಿಡಿಯಿತೆಂದು ಗೃಹಸ್ಥನು ಮನೆಯನ್ನೇ ಕೆಡವುವುದಿಲ್ಲ. ಒಂದು ಅಂಕಣಕ್ಕೆ ಆಸರೆ ಕೊಟ್ಟು, ಮೇಲಣ ಮಣ್ಣಿಳಿಸಿ, ತೊಲೆ ಬದಲಿಸಿ, ಮತ್ತೆ ಮಣ್ಣು ಮುಚ್ಚಿದ ಮೇಲೆಯೇ ಮುಂದಿನ ಅಂಕಣಕ್ಕೆ ಕೈ ಹಚ್ಚುತ್ತಾನೆ. ಅಷ್ಟು ದಿನವೂ ಪಕ್ಕದ ಅಂಕಣದಲ್ಲಿ ಒಲೆ ಉರಿಯುತ್ತಲೇ ಇರುತ್ತದೆ.

ಜಾಲತಾಣಗಳಿಗೂ ಇಂತಹ ತೊಲೆಗಳುಂಟು. ಅವನ್ನು ಫ್ರೇಮ್‌ವರ್ಕ್, ಎಂದರೆ ಚೌಕಟ್ಟು, ಎಂದು ಕರೆಯುತ್ತಾರೆ. ಗಣಕಶಾಸ್ತ್ರವನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು ಇಂದಲ್ಲ ನಾಳೆ ಒಂದು ಚೌಕಟ್ಟಿನಲ್ಲಿರುವ ತಾಣವನ್ನು ಇನ್ನೊಂದಕ್ಕೆ ಸಾಗಿಸುವ ಕೆಲಸಕ್ಕೆ ಕೈಯಿಕ್ಕಲೇಬೇಕಾಗುತ್ತದೆ. ಅದು ಏಕೆ ಕಷ್ಟ, ಯಾವ ಕ್ರಮದಿಂದ ಮಾಡಿದರೆ ಹಾನಿ ಕಡಿಮೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಚೌಕಟ್ಟಿಗೂ ಕೇವಲ ಉಪಕರಣಗಳ ಸಂಗ್ರಹಕ್ಕೂ ಇರುವ ಭೇದವನ್ನು ತಿಳಿಯಬೇಕು. ಉಪಕರಣವು ಬಡಗಿಯ ಉಳಿಯಂತೆ. ಬೇಕಾದಾಗ ನಾವು ಅದನ್ನು ಕೈಗೆತ್ತಿಕೊಳ್ಳುತ್ತೇವೆ. ಚೌಕಟ್ಟಿನಲ್ಲಿ ಸಂಬಂಧವು ತಲೆಕೆಳಗಾಗುತ್ತದೆ. ಅಲ್ಲಿ ನಾವು ಬರೆದ ಕ್ರಮವಿಧಿಯನ್ನು ಚೌಕಟ್ಟೇ ತನಗೆ ಬೇಕಾದ ಸಮಯದಲ್ಲಿ ಕರೆಯುತ್ತದೆ. ಓದುಗನು ಗುಂಡಿಯೊತ್ತಿದಾಗ ಏನಾಗಬೇಕು ಎಂಬುದನ್ನು ನಾವು ಬರೆದಿಡುತ್ತೇವೆ. ಅದನ್ನು ಯಾವಾಗ ನಡೆಸಬೇಕು, ಪುಟವನ್ನು ಹೇಗೆ ಮತ್ತೆ ಚಿತ್ರಿಸಬೇಕು ಎಂಬುದು ಅದರ ವಶ. ಆದುದರಿಂದ ಚೌಕಟ್ಟಿನ ನಡವಳಿಕೆಯು ನಮ್ಮ ಬರವಣಿಗೆಯ ಸಾಲುಸಾಲಿನಲ್ಲಿಯೂ ಬೆರೆತುಹೋಗಿರುತ್ತದೆ. ಉಳಿಯನ್ನು ಬದಲಿಸಬಹುದು, ತೊಲೆಯನ್ನು ಬದಲಿಸಲು ಮಾಳಿಗೆಯನ್ನು ಎತ್ತಿ ಹಿಡಿಯಬೇಕು.

ಪ್ರಸಿದ್ಧವಾದ ಒಂದು ನಿದರ್ಶನವನ್ನು ನೋಡೋಣ. ಗೂಗಲ್ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಆಂಗ್ಯುಲರ್‌ಜೆಎಸ್ ಎಂಬ ಚೌಕಟ್ಟು 2010ರ ಅನಂತರದ ವರ್ಷಗಳಲ್ಲಿ ಲೋಕವಿಖ್ಯಾತವಾಯಿತು. 2016ರಲ್ಲಿ ಅದೇ ಸಂಸ್ಥೆಯು ಆಂಗ್ಯುಲರ್ ಎಂಬ ಹೊಸ ಚೌಕಟ್ಟನ್ನು ಹೊರತಂದಿತು. ಹೆಸರಿನಲ್ಲಿ ನಂಟಸ್ತಿಕೆ ಇದ್ದರೂ ಒಡಲು ಬೇರೆ. ಹಳೆಯದಕ್ಕಾಗಿ ಬರೆದದ್ದು ಹೊಸದರಲ್ಲಿ ನಡೆಯಲಿಲ್ಲ. ಹಳೆಯದರ ಪೋಷಣೆಯು 2021ರ ಡಿಸೆಂಬರ್ 31ಕ್ಕೆ ಮುಗಿಯಿತು. ಪೋಷಣೆ ಮುಗಿಯಿತೆಂದರೆ ತಾಣವು ಮರುದಿನವೇ ನಿಂತುಹೋಗುವುದಿಲ್ಲ. ಆದರೆ ಅದರಲ್ಲಿ ಕಳ್ಳರು ನುಸುಳುವ ಬಿರುಕು ಕಂಡುಬಂದರೆ ಅದನ್ನು ಮುಚ್ಚುವ ಹೊಣೆ ಅದನ್ನು ಕಟ್ಟಿದವರದಲ್ಲ. ಗೆದ್ದಲು ಹಿಡಿದ ತೊಲೆಯೂ ಕೆಲವು ಮಳೆಗಾಲಗಳನ್ನು ತಡೆಯುತ್ತದೆಯಷ್ಟೆ!

ಈಗ ಹಳೆಯ ಆಂಗ್ಯುಲರ್‌ಜೆಎಸ್‌ನಲ್ಲಿ ಕಟ್ಟಿದ ಒಂದು ತಾಣವಿದೆಯೆಂದು ಭಾವಿಸಿರಿ. ನಾಲ್ಕೂ ತಾಲ್ಲೂಕುಗಳ ದಿನದಿನದ ಮಳೆ, ಇಂಡಿಯ ಲಿಂಬೆಯ ಧಾರಣೆ, ತೊಗರಿಯ ಧಾರಣೆ ಇವಿಷ್ಟನ್ನು ಅದು ತೋರಿಸುತ್ತದೆ. ಇದನ್ನು ರಿಯಾಕ್ಟ್ ಎಂಬುದಕ್ಕೆ ಸಾಗಿಸಬೇಕಾಗಿದೆ. ಫೇಸ್‌ಬುಕ್ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ಈ ರಿಯಾಕ್ಟ್ ಚೌಕಟ್ಟೇ ಅಲ್ಲ, ಉಪಕರಣವೆಂದು ವಾದಿಸುವವರುಂಟು. ಆ ವಾದದಲ್ಲಿ ನಾವು ತೊಡಗುವುದು ಬೇಡ. ಹಳೆಯದರಲ್ಲಿ ದತ್ತಾಂಶವೂ ಪುಟವೂ ಪರಸ್ಪರ ಬಿಗಿದುಕೊಂಡಿರುತ್ತವೆ. ಓದುಗನು ಚೌಕದಲ್ಲಿ ಅಕ್ಷರ ಬರೆದೊಡನೆ ದತ್ತಾಂಶ ಬದಲಾಗುತ್ತದೆ. ದತ್ತಾಂಶ ಬದಲಾದೊಡನೆ ಚೌಕವೂ ಬದಲಾಗುತ್ತದೆ. ಇದಕ್ಕಾಗಿ ಆ ಚೌಕಟ್ಟು ತಾನು ಕಾವಲಿರುವ ಪ್ರತಿಯೊಂದು ಬೆಲೆಯನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತಿರುತ್ತದೆ. ರಿಯಾಕ್ಟ್‌ನ ಕ್ರಮ ಬೇರೆ. ಅಲ್ಲಿ ಹರಿವು ಒಂದೇ ದಿಕ್ಕಿಗೆ: ದತ್ತಾಂಶದಿಂದ ಪುಟಕ್ಕೆ. ಸ್ಥಿತಿ ಬದಲಾದಾಗ ಪುಟದ ಹೊಸ ವರ್ಣನೆಯೊಂದನ್ನು ರಚಿಸಿ, ಹಿಂದಿನದರೊಡನೆ ಹೋಲಿಸಿ, ಭೇದವಿದ್ದ ಕಡೆಗಳನ್ನಷ್ಟೇ ತಿದ್ದಲಾಗುತ್ತದೆ. ಆದುದರಿಂದ ಸಾಲಿಗೆ ಸಾಲು ಅನುವಾದ ಮಾಡಿದರೆ ಹುಟ್ಟುವುದು ಹೊಸ ಭಾಷೆಯ ಪದಗಳಲ್ಲಿ ಹಳೆಯ ವ್ಯಾಕರಣ. ಅದು ಓಡಿದಂತೆ ಕಾಣುತ್ತದೆ, ಅಪಾಯವಿರುವುದೂ ಅಲ್ಲಿಯೇ.

ಎಂತಹ ಅಪಾಯ? ಮಳೆಯ ಪಟ್ಟಿಯಲ್ಲಿ ಒಂದು ದಿನ ಸೊನ್ನೆಯಿದೆ. ಇನ್ನೊಂದು ದಿನದ ಮನೆ ಬರಿದಾಗಿದೆ. ಸೊನ್ನೆಯೆಂದರೆ ಮಾಪಕವನ್ನು ನೋಡಿದರು, ಮಳೆ ಬಿದ್ದಿರಲಿಲ್ಲ. ಬರಿದೆಂದರೆ ಮಾಪಕವನ್ನು ನೋಡಲೇ ಇಲ್ಲ. ಆದರೆ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ‘ಬೆಲೆಯುಂಟೆ?’ ಎಂದು ಸಡಿಲವಾಗಿ ಕೇಳಿದರೆ ಸೊನ್ನೆಗೂ ಬರಿಯ ಮನೆಗೂ ‘ಇಲ್ಲ’ ಎಂಬ ಒಂದೇ ಉತ್ತರ ಬರುತ್ತದೆ. ಹೊಸದಾಗಿ ಬರೆಯುವವನು ಅವಸರದಲ್ಲಿ ಹೀಗೆ ಕೇಳಿಬಿಟ್ಟರೆ, ಮಳೆಯಿಲ್ಲದ ಇಪ್ಪತ್ತು ದಿನಗಳು ಲೆಕ್ಕವಿಲ್ಲದ ಇಪ್ಪತ್ತು ದಿನಗಳಾಗುತ್ತವೆ. ಬೆಳೆ ಒಣಗಿದ ರೈತನಿಗೆ ಆ ಇಪ್ಪತ್ತು ಸೊನ್ನೆಗಳೇ ಸಾಕ್ಷಿ. ದಿನಾಂಕದಲ್ಲಿಯೂ ಇಂಥದೇ ಒಂದು ಬಲೆಯಿದೆ. ನಾವು ಜೂನ್ ಐದನೆಯ ತಾರೀಖನ್ನು 05/06 ಎಂದು ಬರೆಯುತ್ತೇವೆ. ವರ್ಷವನ್ನೂ ಸೇರಿಸಿ ಹಾಗೆಯೇ ಒಪ್ಪಿಸಿದರೆ ಜಾವಾಸ್ಕ್ರಿಪ್ಟ್ ಅದನ್ನು ಸಾಮಾನ್ಯವಾಗಿ ಮೇ ಆರು ಎಂದು ಓದುತ್ತದೆ. ಮುಂಗಾರಿನ ಬಿತ್ತನೆಯ ಹದಮಳೆ ಬೇಸಗೆಯ ಅಡ್ಡಮಳೆಯಾಗುತ್ತದೆ!

ಊರಿನ ಹೆಸರುಗಳು ಇನ್ನೂ ಸೂಕ್ಷ್ಮ. ಯೂನಿಕೋಡ್ ಸಂಕೇತದಲ್ಲಿ ‘ಮುದ್ದೇಬಿಹಾಳ’ ಎಂಬ ಪದವು 11 ಸಂಕೇತಗಳಾಗಿ ಕುಳಿತಿರುತ್ತದೆ. ಆದರೆ ‘ದ್ದೇ’ ಎಂಬುದರ ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಆಗ ಸಂಕೇತಗಳು 12. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ ಊರುಗಳು. ಇದರ ಮೇಲೆ ‘ಬಸವನ ಬಾಗೇವಾಡಿ’ಯನ್ನು ಕೆಲವರು ಬಿಡಿಸಿ ಬರೆದಿರುತ್ತಾರೆ, ಕೆಲವರು ಕೂಡಿಸಿ. ಹಳೆಯ ನುಡಿ ಅಥವಾ ಬರಹದ ಅಕ್ಷರವಿನ್ಯಾಸದಲ್ಲಿ ಬರೆದ ದತ್ತಾಂಶವಾದರೆ ಒಳಗಿರುವುದು ಕನ್ನಡವೇ ಅಲ್ಲ, ಕನ್ನಡದ ವೇಷ ತೊಟ್ಟ ರೋಮನ್ ಚಿಹ್ನೆಗಳು. ಇವನ್ನೆಲ್ಲ ಸಾಗಿಸುವ ಮೊದಲೇ ಏಕರೂಪಕ್ಕೆ ತರಬೇಕು. ಎಷ್ಟು ಹೊಸ ಚೌಕಟ್ಟಾದರೂ ಇದನ್ನು ತಾನಾಗಿ ಮಾಡಿಕೊಡುವುದಿಲ್ಲ.

ತಾಲ್ಲೂಕುಗಳ ಪಟ್ಟಿಯನ್ನೇ ನೋಡಿರಿ. 1997ರಲ್ಲಿ ಬಾಗಲಕೋಟೆ ಬೇರೆಯಾದ ಮೇಲೆ ಜಿಲ್ಲೆಯಲ್ಲಿ ಉಳಿದವು ಐದು. ಈಚಿನ ವರ್ಷಗಳಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಹೊಸ ತಾಲ್ಲೂಕುಗಳಾದವು. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಂದು ಬಿಜಾಪುರದಿಂದ ವಿಜಯಪುರವಾಯಿತು. ಹಳೆಯ ತಾಣದಲ್ಲಿ ಐದು ಹೆಸರುಗಳನ್ನು ಪುಟದ ರಚನೆಯಲ್ಲಿಯೇ ಕೊರೆದಿಟ್ಟಿದ್ದರೆ ಅದನ್ನು ಕಿತ್ತು ದತ್ತಾಂಶದ ಪಾಲಿಗೆ ಸೇರಿಸಲು ಸ್ಥಳಾಂತರವೇ ತಕ್ಕ ಸಮಯ. ಚೌಕಟ್ಟಿಗೆ ಸೇರಿದ್ದು ಯಾವುದು, ಚೌಕಟ್ಟು ಹೋದರೂ ಉಳಿಯಬೇಕಾದದ್ದು ಯಾವುದು ಎಂಬ ಈ ವಿಂಗಡಣೆಯೇ ಇಡೀ ಕೆಲಸದ ಅರ್ಧಭಾಗವೆಂದು ನನ್ನ ಅಭಿಪ್ರಾಯ. ಮಳೆಯ ಸರಾಸರಿ ತೆಗೆಯುವ ಗಣಿತಕ್ಕೆ ಆಂಗ್ಯುಲರ್‌ಜೆಎಸ್ ಆಗಲಿ ರಿಯಾಕ್ಟ್ ಆಗಲಿ ಏಕೆ ಗೊತ್ತಿರಬೇಕು?

ಇನ್ನು ಕ್ರಮದ ಮಾತು. ನಮ್ಮ ನಾಡಿನಲ್ಲಿಯೇ ನಡೆದ ಒಂದು ದೊಡ್ಡ ಸ್ಥಳಾಂತರವು ಇಲ್ಲಿ ಪಾಠ ಹೇಳುತ್ತದೆ. ಅದು ಜಾಲತಾಣದ್ದಲ್ಲ, ಪಹಣಿಯದು; ನಮ್ಮ ಕಡೆಯವರು ಉತಾರವೆನ್ನುವ ಪತ್ರದ್ದು. ಕರ್ನಾಟಕದಲ್ಲಿ ಇವನ್ನು ಗಣಕಕ್ಕೇರಿಸುವ ಪ್ರಾಯೋಗಿಕ ಯತ್ನ 1991ರಲ್ಲಿಯೇ ಆರಂಭವಾಯಿತು. ಆದರೆ ತಿದ್ದುಪಡಿಗಳು ನಡೆಯುವ ತಾಲ್ಲೂಕು ಕಚೇರಿಯಲ್ಲಿ ಗಣಕವಿರಲಿಲ್ಲ. ಜಮೀನು ಮಾರಾಟವಾಗುತ್ತಿತ್ತು, ವಾರಸುದಾರರು ಬದಲಾಗುತ್ತಿದ್ದರು. ಗಣಕದಲ್ಲಿದ್ದದ್ದು ತುಂಬಿದ ದಿನದ ಚಿತ್ರವಾಗಿಯೇ ಉಳಿಯಿತು. ಅನಂತರ ಬಂದ ‘ಭೂಮಿ’ ಯೋಜನೆಯು 2000ದ ಆಚೀಚೆಯ ವರ್ಷಗಳಲ್ಲಿ ತಾಲ್ಲೂಕು ಕಚೇರಿಗಳಲ್ಲಿಯೇ ಗಣಕಗಳನ್ನು ಸ್ಥಾಪಿಸಿತು. ಸುಮಾರು 2 ಕೋಟಿ ದಾಖಲೆಗಳನ್ನು ತುಂಬಿ, ಅಚ್ಚು ತೆಗೆದು, ಗ್ರಾಮ ಲೆಕ್ಕಿಗರಿಂದ ತಾಳೆ ನೋಡಿಸಲಾಯಿತು. ಒಂದೊಂದು ತಾಲ್ಲೂಕು ಸಿದ್ಧವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯನ್ನು ಕೊನೆಗೊಳಿಸಲಾಯಿತು. ಸಾಗಿಸುವಾಗಲೂ ಹಳೆಯದು ಬದಲಾಗುತ್ತಲೇ ಇರುತ್ತದೆ ಎಂಬುದನ್ನು ಮೊದಲ ಯತ್ನವು ಲೆಕ್ಕಕ್ಕೆ ಹಿಡಿಯಲಿಲ್ಲ, ಎರಡನೆಯದು ಹಿಡಿಯಿತು.

ಎಲ್ಲವನ್ನೂ ಒಮ್ಮೆಗೇ ಹೊಸದಾಗಿ ಬರೆಯುವ ಆಸೆಯು ಬಲವಾದದ್ದು. ನೆಟ್‌ಸ್ಕೇಪ್ ಸಂಸ್ಥೆಯು 1998ರಲ್ಲಿ ತನ್ನ ಹಳೆಯ ಬರವಣಿಗೆಯನ್ನು ಬದಿಗಿಟ್ಟು ಹೊಸದಕ್ಕೆ ತೊಡಗಿತು. ಐದನೆಯ ಆವೃತ್ತಿ ಹೊರಬರಲೇ ಇಲ್ಲ, ಆರನೆಯದು ಬಂದದ್ದು 2000ದ ಕೊನೆಗೆ. ಅಷ್ಟರಲ್ಲಿ ಬಳಕೆದಾರರು ಬೇರೆ ಕಡೆ ನಡೆದಿದ್ದರು.

ಆದುದರಿಂದ ಅಂಕಣಕ್ಕೆ ಅಂಕಣವೇ ಸರಿ. ಮೊದಲು ಹತ್ತು ದಿನಗಳನ್ನು ಆರಿಸಿಕೊಳ್ಳಿರಿ: ಮಳೆ ಬಿದ್ದ ದಿನ, ಬೀಳದ ದಿನ, ಮಾಪಕ ನೋಡದ ದಿನ, ತಿಂಗಳ ಕೊನೆಯ ದಿನ, ಫೆಬ್ರವರಿ 29. ಹಳೆಯ ತಾಣವು ಆ ದಿನಗಳಿಗೆ ಏನನ್ನು ತೋರಿಸುತ್ತದೆಂದು ಬರೆದಿಟ್ಟುಕೊಳ್ಳಿರಿ. ತಾಣದ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು, ಎಂದರೆ ಬಂದ ಕೋರಿಕೆಗಳನ್ನು ವಿಳಾಸ ನೋಡಿ ಹಂಚುವ ಒಂದು ಸರ್ವರನ್ನು, ನಿಲ್ಲಿಸಿರಿ. ಮಳೆಯ ಪುಟವನ್ನು ಕೇಳಿದವರನ್ನು ಅದು ಹೊಸದಕ್ಕೆ ಕಳಿಸಲಿ, ಧಾರಣೆ ಕೇಳಿದವರನ್ನು ಹಳೆಯದಕ್ಕೆ. ಎರಡೂ ಓದುವುದು ಒಂದೇ ದತ್ತಾಂಶವನ್ನು. ಮಳೆಯ ಪುಟದ ಹತ್ತು ದಿನಗಳೂ ಹಳೆಯದಕ್ಕೆ ಸರಿಹೊಂದಿದ ಮೇಲೆ ಮುಂದಿನ ಪುಟ. ತಪ್ಪಿದರೆ ಕಾವಲುಗಾರನಿಗೆ ಹೇಳಿ ಹಳೆಯ ದಾರಿಗೇ ತಿರುಗಿಸುವುದು ನಿಮಿಷದ ಕೆಲಸ. ಮಾರ್ಟಿನ್ ಫೌಲರ್ ಎಂಬ ತಜ್ಞರು 2004ರಲ್ಲಿ ಈ ಕ್ರಮಕ್ಕೆ, ಬೇರೆ ಮರದ ಮೇಲೆ ಮೊಳೆತು ಕೊನೆಗೆ ಅದರ ಜಾಗವನ್ನೇ ಹಿಡಿಯುವ ಒಂದು ಆಲದ ಜಾತಿಯ ಮರದ ಹೆಸರನ್ನಿಟ್ಟರು. ನನಗೇನೋ ತೊಲೆಯ ಹೋಲಿಕೆಯೇ ಹೆಚ್ಚು ಒಪ್ಪುತ್ತದೆ. ಮನೆಯವರು ಒಳಗೇ ಇರುವ ಸಂಗತಿ ಅದರಲ್ಲಿದೆ.

ಈ ಕ್ರಮಕ್ಕೂ ಬೆಲೆಯುಂಟು. ಎರಡು ಚೌಕಟ್ಟುಗಳು ಒಂದೇ ಪುಟದಲ್ಲಿ ಬೆರೆತಿದ್ದರೆ ಎರಡರ ಭಾರವನ್ನೂ ಓದುಗನ ಫೋನು ಹೊರಬೇಕು. ಸಂಪರ್ಕ ಮಂದವಾಗಿರುವ ಹಳ್ಳಿಯಲ್ಲಿ ಧಾರಣೆ ನೋಡಲು ಕುಳಿತವನಿಗೆ ಅದು ಸಣ್ಣ ಮಾತಲ್ಲ. ಆಸರೆಯ ಕಂಬಗಳನ್ನು ನಡುಮನೆಯಲ್ಲಿಯೇ ವರ್ಷಗಟ್ಟಲೆ ಬಿಟ್ಟುಬಿಡುವವರಿದ್ದಾರೆ, ಅದು ಸಲ್ಲದು. ಕೊನೆಯ ಪುಟವೂ ದಾಟಿದ ಮೇಲೆ ಹಳೆಯ ವಿಳಾಸಗಳಿಂದ ಹೊಸವಕ್ಕೆ ದಾರಿ ತೋರುವ ಶಾಶ್ವತ ಸೂಚನೆಗಳನ್ನಿಟ್ಟು, ಹಳೆಯ ಚೌಕಟ್ಟಿನ ಕಡತಗಳನ್ನು ಅಳಿಸಬೇಕು. ಅಳಿಸಿದ ದಿನವೇ ಆ ಹತ್ತು ದಿನಗಳನ್ನು ಇನ್ನೊಮ್ಮೆ ತೆರೆದು, ಸೊನ್ನೆಯು ಸೊನ್ನೆಯಾಗಿಯೂ ಬರಿದು ಬರಿದಾಗಿಯೂ ಇದೆಯೇ ಎಂದು ನೋಡಿಕೊಳ್ಳಬೇಕು.