ಲೀಟರಿಗೆ ಎಂಟು ರೂಪಾಯಿಯ ಎಣ್ಣೆ

ಮುಂಬಯಿಯ ಮನೋರಿ ಖಾಡಿಯಲ್ಲಿ ನಾವು ನಾಲ್ವರು ಗೆಳೆಯರು ಪಾಲು ಹಾಕಿ ಇಟ್ಟುಕೊಂಡಿರುವ ಪುಟ್ಟ ಫೈಬರ್ ದೋಣಿಯ ಲೆಕ್ಕಪುಸ್ತಕ ನನ್ನ ಬಳಿ ಇರುತ್ತದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನ ಕೊರಳಿಗೆ ಇಂಥ ಕೆಲಸ ತಾನಾಗಿಯೇ ಬಂದು ಬೀಳುತ್ತದೆ. ಪೆಟ್ರೋಲ್, ಪ್ಲಗ್, ಹಗ್ಗ, ದೋಣಿ ನೋಡಿಕೊಳ್ಳುವವನ ಸಂಬಳ, ಮಳೆಗಾಲಕ್ಕೆ ಹೊದಿಸುವ ತಾಡಪಾಲು ಎಲ್ಲ ಬರೆದ ಮೇಲೆ ಕೊನೆಗೆ ಬರುವ ಸಣ್ಣ ಬಾಬ್ತು ಎಣ್ಣೆ. ವಿಚಿತ್ರವೆಂದರೆ, ವರ್ಷದ ಕೊನೆಗೆ ಪಾಲುದಾರರ ಚರ್ಚೆ ಜೋರಾಗುವುದು ಆ ಸಾಲಿನ ಮೇಲೆಯೇ. ಒಬ್ಬನಿಗೆ ಅದು ದುಬಾರಿ, ಇನ್ನೊಬ್ಬನ ಪ್ರಕಾರ ಇದಕ್ಕಿಂತ ಒಳ್ಳೆಯದನ್ನು ತರಬಹುದಿತ್ತು.

ನಮ್ಮದು ಎಂಟು ಎಚ್‌ಪಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್. ಈ ಜಾತಿಯ ಎಂಜಿನ್ನಿಗೆ ಕಾರಿನಂತೆ ಎಣ್ಣೆ ನಿಲ್ಲುವ ತೊಟ್ಟಿ ಇಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, ಅದು ಪಿಸ್ಟನ್ನಿಗೂ ಬೇರಿಂಗಿಗೂ ಜಾರುವ ಪದರ ಕೊಟ್ಟು ಪೆಟ್ರೋಲಿನ ಜೊತೆಯೇ ಉರಿದುಹೋಗುತ್ತದೆ. ಹಾಗಾಗಿ ಎಣ್ಣೆ ಇಲ್ಲಿ ಆಗಾಗ ಬದಲಿಸುವ ವಸ್ತುವಲ್ಲ, ಇಂಧನದ ಒಂದು ಭಾಗ. ಲೆಕ್ಕವನ್ನೂ ಹಾಗೆಯೇ ಹಾಕಬೇಕು.

ಹಾಕೋಣ. ಮುಂಬಯಿಯಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿದ್ದು 2021ರ ಮೇ ಕೊನೆಯಲ್ಲಿ. ಈಗ 104 ಎಂದು ಹಿಡಿಯಿರಿ. ಬಹುಪಾಲು ಔಟ್‌ಬೋರ್ಡ್ ಕೈಪಿಡಿಗಳು ಹೇಳುವ ಅಳತೆ ಐವತ್ತಕ್ಕೆ ಒಂದು, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಎಣ್ಣೆ. ಲೀಟರಿಗೆ 400 ರೂಪಾಯಿಯ ಎಣ್ಣೆ ತಂದರೆ ಆ 20 ಮಿಲಿಗೆ ಎಂಟು ರೂಪಾಯಿ. 300ರದ್ದು ತಂದರೆ ಆರು. ಅಂಗಡಿಯಲ್ಲಿ ನೂರು ರೂಪಾಯಿಯಾಗಿ ಕಂಡ ವ್ಯತ್ಯಾಸ ಟ್ಯಾಂಕಿಗೆ ಇಳಿದಾಗ ಲೀಟರಿಗೆ ಎರಡು ರೂಪಾಯಿ, ಇಂಧನದ ಖರ್ಚಿನ ಶೇಕಡಾ ಎರಡಕ್ಕೂ ಕಡಿಮೆ. ವರ್ಷಕ್ಕೆ 200 ಲೀಟರ್ ಪೆಟ್ರೋಲ್ ಸುಡುವ ನಮ್ಮಂಥ ಶೋಕಿ ದೋಣಿಗೆ ಅದು ನಾನೂರು ರೂಪಾಯಿ. ನಾಲ್ವರಿಗೆ ಹಂಚಿದರೆ ತಲೆಗೆ ನೂರು. ಮಾರ್ವೆ ಜೆಟ್ಟಿಯ ಬಳಿ ಒಂದು ಸಂಜೆ ಚಹಾ, ಭಜಿಗೆ ಆಗುವಷ್ಟು.

ಆ ಅಗ್ಗದ ಎಣ್ಣೆ ಯಾವುದು? ನಮ್ಮ ತಲೆಮಾರಿನವರೆಲ್ಲ ಬಲ್ಲ 2ಟಿ. ಚೇತಕ್ ಸ್ಕೂಟರ್, ಆರ್‌ಎಕ್ಸ್ 100, ಹಳೆಯ ರಿಕ್ಷಾಗಳಿಗೆ ಪೆಟ್ರೋಲ್ ಪಂಪಿನಲ್ಲೇ ಅಳೆದು ಹಾಕಿಸುತ್ತಿದ್ದೆವಲ್ಲ, ಅದು. ದೋಣಿ ಎಳೆಯುವ ಹುಡುಗ ನನಗೆ ಹೇಳುವುದು ಒಂದೇ ಮಾತು: ‘ತೇಲ್ ತೋ ತೇಲ್ ಹೈ, ಶೇಠ್.’ ಅವನ ಮಾತು ಒಂದು ಮಟ್ಟಿಗೆ ಸರಿ. 2ಟಿ ಹಾಕಿದ ದಿನವೇ ಎಂಜಿನ್ ಕೂರುವುದಿಲ್ಲ. ಅದೇ ಅಪಾಯ.

ಸ್ಕೂಟರಿನ ಎಂಜಿನ್ ಗಾಳಿಯಲ್ಲಿ ತಣಿಯುತ್ತದೆ, ಬಹಳ ಬಿಸಿಯಾಗುತ್ತದೆ. ಆ ಕಾವಿನಲ್ಲಿ ಪಿಸ್ಟನ್ ಶುಚಿಯಾಗಿರಲೆಂದು 2ಟಿಯಲ್ಲಿ ಲೋಹದ ಅಂಶವಿರುವ ಸೇರ್ಪಡೆ ಹಾಕಿರುತ್ತಾರೆ. ಅದು ಉರಿದ ಮೇಲೆ ಒಂದಿಷ್ಟು ಬೂದಿ ಉಳಿಯುತ್ತದೆ. ಔಟ್‌ಬೋರ್ಡ್‌ನ ಬದುಕೇ ಬೇರೆ. ಖಾಡಿಯ ನೀರನ್ನೇ ಹೀರಿಕೊಂಡು ತಣಿಯುವ ಅದು ಸ್ಕೂಟರಿನಷ್ಟು ಕಾಯುವುದಿಲ್ಲ, ಆದರೆ ಸಿಗ್ನಲ್ಲಿನಲ್ಲಿ ನಿಂತು ಸುಧಾರಿಸಿಕೊಳ್ಳುವ ಭಾಗ್ಯವೂ ಅದಕ್ಕಿಲ್ಲ. ಗಂಟೆಗಟ್ಟಲೆ ಪೂರ್ತಿ ವೇಗದಲ್ಲೇ ಓಡುತ್ತದೆ. ಬೂದಿ ಪಿಸ್ಟನ್ನಿನ ತಲೆಯ ಮೇಲೂ ಪ್ಲಗ್ಗಿನ ತುದಿಯಲ್ಲೂ ಕೂರುತ್ತ ಬರುತ್ತದೆ. ಒಂದು ಹಂತದಲ್ಲಿ ಹರಳುಗಟ್ಟಿದ ಆ ಬೂದಿ ಕೆಂಡವಾಗಿ, ಪ್ಲಗ್ ಕಿಡಿ ಕೊಡುವ ಮೊದಲೇ ಇಂಧನಕ್ಕೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ತೂತಾಗುವುದು ಹೀಗೆ.

ಇದಕ್ಕಾಗಿಯೇ ಅಮೆರಿಕದ ದೋಣಿ ತಯಾರಕರ ಸಂಘ ಎನ್‌ಎಂಎಂಎ, ಬೂದಿ ಉಳಿಸದ ಎಣ್ಣೆಗೆ ಒಂದು ಮಾನದಂಡ ಮಾಡಿಟ್ಟಿದೆ. 1990ರ ದಶಕದ ಆರಂಭದಿಂದ ಅದರ ಹೆಸರು ಟಿಸಿ-ಡಬ್ಲ್ಯು3. ತುಕ್ಕು ತಡೆಯುವುದು, ಪೆಟ್ರೋಲಿನಲ್ಲಿ ಸಲೀಸಾಗಿ ಬೆರೆಯುವುದು, ರಿಂಗ್ ಅಂಟದಂತೆ ಕಾಯುವುದು ಇವನ್ನೆಲ್ಲ ಪರೀಕ್ಷೆ ಮಾಡಿ ಪಾಸು ಮಾಡುತ್ತಾರೆ. ಪಾಸಾದ ಎಣ್ಣೆಯ ಡಬ್ಬದ ಮೇಲೆ ಆರ್‌ಎಲ್ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ನಾನು ಡಬ್ಬ ತಿರುಗಿಸಿ ಹುಡುಕುವುದು ಇದನ್ನೇ. ನೀಲಿಯೋ ಹಸಿರೋ ಎಂದು ಬಣ್ಣ ನೋಡುವವರಿದ್ದಾರೆ. ಬಣ್ಣ ಬೆರೆಸುವುದು ಪೆಟ್ರೋಲಿಗೆ ಎಣ್ಣೆ ಬಿದ್ದಿದೆಯೋ ಇಲ್ಲವೋ ಕಣ್ಣಿಗೆ ಕಾಣಲೆಂದು, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ತುದಿಯ ದುಂದು ನಮ್ಮ ಪಾಲುದಾರರಲ್ಲೊಬ್ಬನದು. ರೇಸಿಂಗ್ ಬೈಕಿನ ಚಿತ್ರವಿದ್ದ, ಲೀಟರಿಗೆ ಸಾವಿರ ಕೊಟ್ಟ ಪೂರ್ಣ ಸಿಂಥೆಟಿಕ್ ಎಣ್ಣೆಯನ್ನು ಅವನು ಹೆಮ್ಮೆಯಿಂದ ತಂದ. ಲೀಟರ್ ಪೆಟ್ರೋಲಿಗೆ ಇಪ್ಪತ್ತು ರೂಪಾಯಿಯಾಯಿತು. ಗಾಳಿಯಲ್ಲಿ ತಣಿಯುವ, ವಿಪರೀತ ಕಾಯುವ ಎಂಜಿನ್ನಿಗೆಂದು ಮಾಡಿದ ಎಣ್ಣೆ ಅದು. ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಎಂಬ ಮಾತೇ ಇಲ್ಲ. ಹೆಚ್ಚು ಬೆಲೆ ತೆತ್ತು ತಪ್ಪು ವಸ್ತು ಕೊಳ್ಳುವುದು ಮಧ್ಯಮವರ್ಗಕ್ಕೆ ಮಾತ್ರ ಸಿದ್ಧಿಸಿದ ಕಲೆ. ಆ ಡಬ್ಬವನ್ನು ಅವನ ಭಾವಮೈದುನನ ಹಳೆಯ ಬೈಕಿಗೆ ದಾಟಿಸಿದೆವು.

ಹೊಟ್ಟೆಪಾಡಿಗೆ ಸಮುದ್ರಕ್ಕಿಳಿಯುವವರ ಲೆಕ್ಕ ನಮ್ಮದರಂತಲ್ಲ. ವರ್ಲಿ, ಖಾರ್ ದಾಂಡಾ ಕಡೆಯ ಸಣ್ಣ ದೋಣಿಯವನೊಬ್ಬ ದಿನಕ್ಕೆ 20 ಲೀಟರಿನಂತೆ 200 ದಿನ ಹೋದನೆನ್ನಿ. 4,000 ಲೀಟರ್ ಪೆಟ್ರೋಲಿಗೆ 80 ಲೀಟರ್ ಎಣ್ಣೆ, ವ್ಯತ್ಯಾಸ 8,000 ರೂಪಾಯಿ. ಇದು ಸಣ್ಣ ಮೊತ್ತವಲ್ಲ. ಅವನು ಅಗ್ಗದ್ದನ್ನು ಹುಡುಕಿದರೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಆದರೆ ಅವನ ಪೆಟ್ರೋಲಿನ ಬಿಲ್ಲೇ ನಾಲ್ಕು ಲಕ್ಷದ ಮೇಲಿದೆ, ಮತ್ತು ನಾರಳಿ ಪೂರ್ಣಿಮೆಯ ನಂತರದ ಒಳ್ಳೆಯ ಹಂಗಾಮಿನಲ್ಲಿ ಎಂಜಿನ್ ಬಿಚ್ಚಿ ಒಂದು ವಾರ ದಡದಲ್ಲಿ ಕೂತರೆ ಆ ಎಂಟು ಸಾವಿರ ಎಲ್ಲಿಯೂ ಕಾಣುವುದಿಲ್ಲ. ಅವನಿಗೆ ಉಳಿತಾಯದ ದಾರಿ ಬೇರೆ ಕಡೆ ಇದೆ. ಕೋಳಿವಾಡಗಳ, ಅಂದರೆ ಮೀನುಗಾರರ ಕೇರಿಗಳ, ಮಚ್ಛೀಮಾರ ಸಹಕಾರಿ ಸಂಘಗಳು ಸದಸ್ಯರಿಗೆ ಡೀಸೆಲ್ ಪೂರೈಸುತ್ತವೆ. ಸರಿಯಾದ ಎಣ್ಣೆಯನ್ನೂ ಅದೇ ದಾರಿಯಲ್ಲಿ ದೊಡ್ಡ ಡಬ್ಬಗಳಲ್ಲಿ ತರಿಸಿದರೆ ಬೆಲೆ ಇಳಿಯಲೇಬೇಕು.

ಕರ್ನಾಟಕ ಕರಾವಳಿಯ ಉಪ್ಪುಂದದಲ್ಲಿ ನನ್ನ ಸೋದರಮಾವನ ಮಗನಿಗೆ ನಾಡದೋಣಿಯಿದೆ. ಅಲ್ಲಿಯ ಔಟ್‌ಬೋರ್ಡ್‌ಗಳು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ಕರ್ನಾಟಕ ಸರ್ಕಾರ ಅದಕ್ಕೆಂದೇ ರಿಯಾಯಿತಿಯ ಸೀಮೆಎಣ್ಣೆ ಕೊಡುತ್ತದೆ. ಫೋನಿನಲ್ಲಿ ಈ ಲೆಕ್ಕ ಒಪ್ಪಿಸಿದಾಗ ಅವನು ನಕ್ಕ: ‘ಎಣ್ಣಿಗೆ ಚೌಕಾಸಿ ಮಾಡಿ ಎಂಜಿನ್ ಕೂತ್ರೆ ಮರುದಿನದ್ ಖರ್ಚಿಗೆ ಯಾರ್ ಕೊಡ್ತ್ರ್ ಭಾವ?’

ಅಳತೆಯಲ್ಲಿ ಕೈ ಬಿಗಿ ಮಾಡುವುದೂ, ಸಡಿಲ ಬಿಡುವುದೂ ಲಾಭವಲ್ಲ. ಅರ್ಧ ಎಣ್ಣೆ ಹಾಕಿದರೆ ಲೀಟರಿಗೆ ನಾಲ್ಕು ರೂಪಾಯಿ ಉಳಿದೀತು, ಅದನ್ನು ಬೇರಿಂಗ್ ವಸೂಲಿ ಮಾಡುತ್ತದೆ. ‘ಇರಲಿ, ಒಂದು ಮುಚ್ಚಳ ಜಾಸ್ತಿ’ ಎಂದು ಸುರಿದರೆ ಹೊಗೆ, ಪ್ಲಗ್ ಕಪ್ಪು. ಸಾಲದ್ದಕ್ಕೆ ಎಣ್ಣೆ ಪೆಟ್ರೋಲಿನ ಜಾಗ ತಿನ್ನುವುದರಿಂದ ಸಿಲಿಂಡರಿಗೆ ಹೋಗುವ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಹೊಸ ಎಂಜಿನ್ನಿನ ಮೊದಲ ಕೆಲವು ಗಂಟೆಗಳಿಗೆ ಇಪ್ಪತ್ತೈದಕ್ಕೆ ಒಂದು ಎಂದು ಹಲವು ಕೈಪಿಡಿಗಳಲ್ಲಿರುತ್ತದೆ. ಆಮೇಲೂ ಅದನ್ನೇ ಮುಂದುವರಿಸುವವರನ್ನು ಕಂಡಿದ್ದೇನೆ.

ನಮ್ಮ ಪುಸ್ತಕದಲ್ಲಿ ನಿಜವಾದ ಸೋರಿಕೆ ಸಿಕ್ಕಿದ್ದು ಇನ್ನೊಂದು ಕಡೆ. ಈಗ ಪಂಪುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿಗೆ ನೀರೆಂದರೆ ಪ್ರೀತಿ. ಜೂನ್, ಜುಲೈನ ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ, ಮುಂಬಯಿಯ ಆ ಥಂಡಿಯಲ್ಲಿ, ಎಣ್ಣೆ ಬೆರೆಸಿದ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಟ್ಟರೆ ತೇವ ಸೇರಿ ಎಥನಾಲೂ ನೀರೂ ತಳಕ್ಕಿಳಿಯುತ್ತವೆ. ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ನಿಲ್ಲುತ್ತದೆ. ಪೈಪು ಹೀರುವುದು ತಳದಿಂದ. ಎಂಜಿನ್ನಿಗೆ ಎಣ್ಣೆಯೇ ಇಲ್ಲದ ದ್ರವ ಹೋಗುತ್ತದೆ, ಆಗ ಡಬ್ಬದ ಮೇಲೆ ಯಾವ ಮಾನದಂಡದ ಗುರುತಿದ್ದರೇನು? ಹೀಗೆ ಕೆಟ್ಟ 12 ಲೀಟರ್ ಚೆಲ್ಲಿದರೆ 1,300 ರೂಪಾಯಿಯ ಮೇಲೆ ಹೋಯಿತು, ನಾವು ಕಿತ್ತಾಡುವ ನಾನೂರರ ಮೂರು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಅಂದಂದಿಗೆ ಬೇಕಾದಷ್ಟನ್ನೇ ಬೆರೆಸುತ್ತೇವೆ, ಮೇ ಕೊನೆಗೆ ಪೈಪು ಕಳಚಿ ಕಾರ್ಬ್ಯುರೇಟರ್ ಬರಿದಾಗುವವರೆಗೆ ಓಡಿಸಿ ನಿಲ್ಲಿಸುತ್ತೇವೆ.

ಎಣ್ಣೆಯನ್ನಷ್ಟೇ ಸಗಟಾಗಿ ತಂದಿಡಬಹುದು, ಸೀಲ್ ಒಡೆಯದಿದ್ದರೆ ಬೇಗ ಕೆಡುವುದಿಲ್ಲ. ಈ ಸಲ ಪಕ್ಕದ ಎರಡು ದೋಣಿಯವರನ್ನೂ ಸೇರಿಸಿಕೊಂಡು 20 ಲೀಟರಿನ ಡಬ್ಬ ತರುವ ಮಾತಾಗಿದೆ. ಒಡೆದ ಡಬ್ಬ ಯಾರ ಮನೆಯಲ್ಲಿರಬೇಕು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.