ಸಂಜೆಗೇ ಮನೆಗೆ ಮರಳುವ ಆಪರೇಷನ್

ಮಮದಾಪುರ



ಬೆಳಿಗ್ಗೆ ದಾಖಲಾಗಿ ಸಂಜೆಗೆ ಮನೆ ಸೇರಬಹುದಾದ ಶಸ್ತ್ರಚಿಕಿತ್ಸೆಗಳಲ್ಲಿ ಹಳ್ಳಿಗರಿಗೆ ಹೆಚ್ಚು ಗೊತ್ತಿರುವುದು ಕಣ್ಣಿನ ಪೊರೆಯದು. ಹರ್ನಿಯಾ, ಮೂಲವ್ಯಾಧಿ, ಮೈಮೇಲಿನ ಗಂಟುಗಳ ಆಪರೇಷನ್‌ಗಳೂ ಎಷ್ಟೋ ಸಲ ಒಂದೇ ದಿನದಲ್ಲಿ ಮುಗಿಯುತ್ತವೆ. ಆಸ್ಪತ್ರೆಯ ವಾಸ ಕಡಿಮೆಯಾಯಿತು. ಎಲ್ಲಿ ಮಾಡಿಸಬೇಕೆಂಬ ಚರ್ಚೆ ಕಡಿಮೆಯಾಗಿಲ್ಲ.

ಮಮದಾಪುರದ ಕಡೆಯವರಿಗೆ ಗೋಕಾಕದಲ್ಲಿ ತಾಲ್ಲೂಕು ಆಸ್ಪತ್ರೆಯೂ ಖಾಸಗಿ ದವಾಖಾನೆಗಳೂ ಇವೆ. ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯ ಧಾಮ ಮತ್ತು ಜೆ.ಜಿ. ಸಹಕಾರಿ ಆಸ್ಪತ್ರೆ, ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ. ಗಡಿಯಾಚೆಗೆ ಮಿರಜ: ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಮಿರಜದ ರೈಲು ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳನ್ನು ಹಾಯ್ದೇ ಹೋಗುವುದರಿಂದ ದೊಡ್ಡ ಆಪರೇಷನ್ ಎಂದರೆ ಮಿರಜವೇ ಎಂಬ ನಂಬಿಕೆ ಈ ಭಾಗದಲ್ಲಿ ಬೇರೂರಿತು.

ರೋಗಿ ಮೊದಲು ಕೇಳುವುದು ಡಾಕ್ಟರರ ಕೈಗುಣವನ್ನು. ಓಣಿಯಲ್ಲಿ ಒಬ್ಬರಿಗೆ ನೆಟ್ಟಗಾದರೆ ಹತ್ತು ಮಂದಿ ಅದೇ ದವಾಖಾನೆಯ ಹಾದಿ ಹಿಡಿಯುತ್ತಾರೆ. ಈ ಲೆಕ್ಕ ಪೂರ್ತಿ ತಪ್ಪಲ್ಲ; ಒಂದೇ ಬಗೆಯ ಆಪರೇಷನ್ ಮೇಲಿಂದ ಮೇಲೆ ಮಾಡುವ ಕೈ ಪಳಗಿರುತ್ತದೆ. ಆಮೇಲೆ ಜೊತೆಗೆ ಬರುವವರು ಯಾರು, ಕಬ್ಬು ಕಾರ್ಖಾನೆಗೆ ಹೋಯಿತೋ ಇಲ್ಲವೋ ಎಂಬ ಮಾತು. ತುರ್ತಲ್ಲದ ಹರ್ನಿಯಾ ಕಬ್ಬಿನ ಕಟಾವು ಮುಗಿಯುವವರೆಗೆ ಕಾಯುತ್ತದೆ. ಆದರೆ ಉಬ್ಬಿದ್ದು ಒಳಗೆ ಸರಿಯದೆ ನೋವು, ವಾಂತಿ ಶುರುವಾದರೆ ಅದು ಕಾಯುವ ರೋಗವಲ್ಲ, ಆ ಕೂಡಲೇ ಆಸ್ಪತ್ರೆ ಸೇರಬೇಕು.

ಹಣದ ದಾರಿಯೂ ಆಯ್ಕೆಯನ್ನು ತಿರುಗಿಸುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ತುರ್ತಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅವರ ಚೀಟಿಯ ಮೇಲೆ ಖಾಸಗಿ. 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022ರಲ್ಲಿ ಮರಳಿದ ಯಶಸ್ವಿನಿ ಯೋಜನೆ ಇರುವುದು ಸಹಕಾರ ಸಂಘಗಳ ಸದಸ್ಯರಿಗೆ. ಯಾವ ಕಾರ್ಡಿದ್ದರೂ ತಪ್ಪಿದ ಕೂಲಿ, ಬಾಡಿಗೆ ಗಾಡಿ, ಜೊತೆಗಾರನ ಊಟ ಮನೆಯವರದೇ.

ಜನ ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ್ದು ಮೊದಲ ರಾತ್ರಿಯನ್ನು. ರಕ್ತ ಒಸರುವುದು, ವಾಂತಿ, ಮೂತ್ರ ಕಟ್ಟುವುದು ಮನೆ ಸೇರಿದ ಮೇಲೂ ಕಾಣಿಸಿಕೊಳ್ಳಬಹುದು. ಬೆನ್ನಿಗೆ ಇಂಜೆಕ್ಷನ್ ಪಡೆದವರು ಮೂತ್ರ ಹೋಗುವವರೆಗೂ ಆಸ್ಪತ್ರೆ ಬಿಡದಿರುವುದು ಒಳ್ಳೆಯದು. ಮತ್ತಿನ ಔಷಧ ಪಡೆದವರು 24 ತಾಸು ಬೈಕ್ ಹತ್ತಬಾರದು, ಪಕ್ಕದಲ್ಲಿ ತಿಳಿವಳಿಕಸ್ಥರು ಒಬ್ಬರಿರಬೇಕು. ಆದ್ದರಿಂದ ಸಣ್ಣ ಆಪರೇಷನ್‌ಗೆ, ಹೆಸರುವಾಸಿಯಾದ ದೂರದ ಊರಿಗಿಂತ, ರಾತ್ರಿ ಫೋನ್ ಎತ್ತುವ, ಒಂದು ತಾಸಿನೊಳಗೆ ಮುಟ್ಟಬಹುದಾದ ಹತ್ತಿರದ ಆಸ್ಪತ್ರೆಯೇ ಮೇಲು. ಹೃದಯದ ತೊಂದರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇದ್ದವರ ಮಾತು ಬೇರೆ. ಅವರಿಗೆ ಬೆಳಗಾವಿಯೇ ಸರಿ, ರಾತ್ರಿ ಅಲ್ಲೇ ಉಳಿಯುವ ಸಿದ್ಧತೆಯೊಂದಿಗೆ.

ಕಣ್ಣಿನದಕ್ಕೆ ಸಾಮಾನ್ಯವಾಗಿ ಮರುದಿನವೇ ಮತ್ತೆ ತೋರಿಸಬೇಕು. ದೂರದ ಊರು ಆರಿಸಿಕೊಂಡರೆ ಎರಡು ದಿನದ ಬಸ್ಸು, ಇಲ್ಲವೇ ಒಂದು ರಾತ್ರಿಗೆ ನೆಂಟರ ಮನೆ ಮೊದಲೇ ಗೊತ್ತು ಮಾಡಿಕೊಂಡಿರಬೇಕು.